ಮೂರು ಏಟಿನ ಫ್ಯೂಸ್

ನಮ್ಮ ಮನೆಯಲ್ಲಿ ಫ್ಯೂಸ್ ಹೋದರೆ ನಾನು ಎಲೆಕ್ಟ್ರಿಷಿಯನ್‌ನನ್ನು ಕರೆಸುತ್ತಿರಲಿಲ್ಲ. ಲಟ್ಟಣಿಗೆ ತರಿಸುತ್ತಿದ್ದೆ!

ನಗಬೇಡಿ. ಮಧುಗಿರಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿ ನಿವೃತ್ತನಾದ ಮೇಷ್ಟ್ರು ನಾನು. ಸುಮ್ಮನೆ ಏನನ್ನೂ ಹೇಳುವವನಲ್ಲ. ನಮ್ಮ ನಡುಮನೆಯ ಗೋಡೆಯಲ್ಲಿ ತಾತನ ಕಾಲದ ಒಂದು ಮರದ ಬೋರ್ಡು ಇತ್ತು. ಅದರ ಮೇಲೆ ಮೂರು ಪಿಂಗಾಣಿ ಫ್ಯೂಸುಗಳು ಸಾಲಾಗಿ ಕೂತಿದ್ದವು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ: ಪಿಂಗಾಣಿಯ ಒಂದು ಹಿಡಿ, ಅದರ ಎರಡು ಹಿತ್ತಾಳೆ ಕಾಲುಗಳ ನಡುವೆ ಕೂದಲಿನಂಥ ಒಂದು ತಂತಿ. ಕರೆಂಟು ಅತಿಯಾಗಿ ಹರಿದರೆ ಆ ಬಡಪಾಯಿ ತಂತಿ ತಾನು ಸುಟ್ಟುಕೊಂಡು ಮನೆಯನ್ನು ಉಳಿಸುತ್ತದೆ. ಆಮೇಲೆ ಯಾರಾದರೂ ಹಿಡಿಯನ್ನು ಕಿತ್ತು ಹೊಸ ತಂತಿ ಸುತ್ತಬೇಕು.

ನನಗೆ ಆ ತಾಪತ್ರಯವೇ ಇರಲಿಲ್ಲ. ಫ್ಯೂಸ್ ಹೋದ ಕೂಡಲೇ ಬೋರ್ಡಿನ ಮುಂದೆ ನಿಂತು, ಪಂಚೆ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಲಟ್ಟಣಿಗೆಯಿಂದ ಮೂರು ಏಟು ಹಾಕುತ್ತಿದ್ದೆ. ಟಕ್, ಟಕ್, ಟಕ್! ನಂತರ ತಾತನ ಆರಾಮ ಕುರ್ಚಿಗೆ ಹೋಗಿ ಮೈಚಾಚಿ ಮಲಗುತ್ತಿದ್ದೆ. ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ. ತಲೆಯ ಮೇಲಿನ ಫ್ಯಾನು ಸಣ್ಣಗೆ ಆಕಳಿಸಿ, ತಿರುಗಲು ಶುರುಮಾಡುತ್ತಿತ್ತು. ಇದಕ್ಕೆ ನನ್ನದೇ ಒಂದು ಸಿದ್ಧಾಂತವೂ ಇತ್ತು. ಹಳೆಯ ತಂತಿಗಳಿಗೆ ನಿದ್ದೆ ಹತ್ತುತ್ತದೆ, ಮೆತ್ತಗೆ ತಟ್ಟಿ ಎಬ್ಬಿಸಬೇಕು ಅಷ್ಟೇ. ಒಂದೊಂದು ಸಲ ಅರ್ಧ ಗಂಟೆ ಹಿಡಿಯುತ್ತಿತ್ತು. ಅದನ್ನು ನಾನು ತಂತಿಯ ಗಾಢನಿದ್ರೆ ಎಂದು ಕರೆದಿದ್ದೆ. ಪ್ರತಿ ಆಯುಧಪೂಜೆಗೆ ಆ ಬೋರ್ಡಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸುತ್ತಿದ್ದೆ. ಬೀದಿಯವರಿಗೆಲ್ಲ ಈ ವಿದ್ಯೆಯ ಬಗ್ಗೆ ಉಪನ್ಯಾಸವನ್ನೂ ಕೊಟ್ಟಿದ್ದೆ.

ಆ ಕುರ್ಚಿಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಕಿಟಕಿಯ ಪಕ್ಕದಲ್ಲಿ ಅದನ್ನು ಹಾಕಿಕೊಂಡು ಒರಗಿದರೆ ಕಣ್ಣಿಗೆ ಸೀದಾ ಬೆಟ್ಟ. ಮಧ್ಯಾಹ್ನದ ಬಿಸಿಲಿಗೆ ಆ ಬಂಡೆ ಉಸಿರಾಡುತ್ತಿದೆಯೋ ಎನ್ನಿಸುತ್ತದೆ. ಮೋಡದ ನೆರಳು ಒಂದು ಅದರ ಬೆನ್ನ ಮೇಲೆ ನಿಧಾನಕ್ಕೆ ಹತ್ತಿ, ಆಚೆ ಇಳಿಯುವಷ್ಟರಲ್ಲಿ ನಾನು ಎಲ್ಲೆಲ್ಲೋ ಹೋಗಿ ಬಂದಿರುತ್ತಿದ್ದೆ. ತಾತನ ಮನೆ ಪಾಲಾದಾಗ ನಡುವೆ, ಆ ಬೋರ್ಡಿಗೆ ಒತ್ತಿಕೊಂಡೇ, ಒಂದಿಟ್ಟಿಗೆ ದಪ್ಪದ ಗೋಡೆ ಎದ್ದಿತು. ಆ ಕಡೆ ನಮ್ಮಣ್ಣ ರಂಗನಾಥ, ಈ ಕಡೆ ನಾನು. ಕುರ್ಚಿ ನನ್ನ ಪಾಲಿಗೆ ಬಂತು. ಮೂರು ವರ್ಷದ ಹಿಂದೆ ಅಣ್ಣನಿಗೆ ಸೊಂಟ ಹಿಡಿದುಕೊಂಡಾಗ, "ಲೇ ಮೂರ್ತಿ, ಒಂದೆಂಟು ದಿನ ಕುರ್ಚಿ ಕೊಟ್ಟಿರ್ಲಾ" ಎಂದು ಕೇಳಿದ. ನಾನು ಯಾವ ಗಳಿಗೆಯಲ್ಲಿದ್ದೆನೋ, "ಪಾಲಾದ್ಮೇಲೆ ಪಾಲಾಯ್ತು ಕಣಣ್ಣ" ಅಂದುಬಿಟ್ಟೆ. ಅವನು ಸೊಂಟ ಹಿಡಿದುಕೊಂಡು ವಾಪಸ್ಸು ಹೋದ. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ನನ್ನ ಹೆಂಡತಿ ಮತ್ತು ಅಣ್ಣನ ಹೆಂಡತಿ ಜಯತ್ತಿಗೆ ಮಾತ್ರ ಹಿತ್ತಲ ಗೋಡೆಯ ಮೇಲಿಂದ ದಿನಾ ಮಾತಾಡುತ್ತಿದ್ದರು. ಅದನ್ನು ತಡೆಯುವ ಗೋಡೆಯನ್ನು ಯಾವ ಗಾರೆಯವನೂ ಇನ್ನೂ ಕಟ್ಟಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ.

ನನ್ನ ಹೆಂಡತಿ ಸರೋಜಳಿಗೆ ಜೀವನದಲ್ಲಿ ಮೊದಲ ಆರ್ಡರು ಸಿಕ್ಕಿತ್ತು. ಹಿಂದಿನ ಬೀದಿಯ ರತ್ನಮ್ಮ ಐ.ಡಿ.ಹಳ್ಳಿಯಲ್ಲಿ ಮೊಮ್ಮಗಳ ನಾಮಕರಣಕ್ಕೆ ನೂರು ಒಬ್ಬಟ್ಟು ಹೇಳಿದ್ದರು. ಸಂಜೆ ಐದರ ಬಸ್ಸಿಗೆ ಡಬ್ಬಿ ಕೈಗೆ ಸಿಗಬೇಕು. ಸರೋಜ ಎರಡು ದಿನದಿಂದ ಒಬ್ಬಳೇ ನಗುತ್ತಾ ಓಡಾಡುತ್ತಿದ್ದಳು. "ಇದೊಂದು ಚೆನ್ನಾಗಾಗ್ಬುಟ್ರೆ ಇನ್ನು ಎಲ್ರೂ ನನ್ನೇ ಕೇಳ್ತಾರೆ ಕಣ್ರೀ. ಕೆಟ್ಟೋದ್ರೆ ಮತ್ತೆ ಯಾರು ನಂಬ್ತಾರೆ?" ಅಂದಿದ್ದಳು. ಇಷ್ಟು ವರ್ಷ ಅವಳು ಕಟ್ಟಿದ ಬುತ್ತಿಯನ್ನು ನಾನು ಉಂಡಿದ್ದೆನೇ ಹೊರತು ಅವಳ ಕೈಯಡುಗೆಗೆ ಒಂದು ಹೆಸರು ಬರಬಹುದೆಂದು ಯೋಚಿಸಿಯೂ ಇರಲಿಲ್ಲ.

ಬೆಳಿಗ್ಗೆ ಹನ್ನೊಂದು. ಬೇಳೆ ಬೆಂದು, ಬೆಲ್ಲ ಕರಗಿ, ಮನೆ ತುಂಬಾ ಏಲಕ್ಕಿಯ ಘಮ. ಇಂಡಕ್ಷನ್ ಒಲೆಯ ಮೇಲೆ ಇನ್ನೊಂದು ಪಾತ್ರೆ ಬೇಳೆ. ಮಿಕ್ಸಿ ಹೂರಣ ರುಬ್ಬುತ್ತಿತ್ತು. ಡಬ್ಬಿಯನ್ನು ಬಸ್‌ಸ್ಟ್ಯಾಂಡಿಗೆ ಹೊರುವ ಗೌರವ ನನ್ನದಾಗಿದ್ದರಿಂದ ನನ್ನ ಬಿಳಿ ಜುಬ್ಬಾ ಇಸ್ತ್ರಿಯಾಗುವುದು ಅತ್ಯಗತ್ಯವಾಗಿತ್ತು. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಒತ್ತಿದೆ.

ಗುಂಯ್ಯ್ ಎನ್ನುತ್ತಿದ್ದ ಮಿಕ್ಸಿ ಹಾಗೇ ಸೊರಗಿ ನಿಂತುಹೋಯಿತು. ಫ್ಯಾನೂ ನಿಂತಿತು.

"ಹೋಯ್ತಾ?" ಸರೋಜ ಅಡಿಗೆಮನೆಯಿಂದ ಕೂಗಿದಳು.

"ಗಾಬರಿ ಬೇಡ, ನಾನಿದ್ದೇನೆ. ಲಟ್ಟಣಿಗೆ ಕೊಡು!"

"ರೀ, ಇವತ್ತು ಅದು ಬರಲ್ಲ. ನೀವು ಸುಮ್ನೆ ಕೂತ್ಕಳಿ."

"ಯಾಕೆ ಬರಲ್ಲ?"

ಅವಳು ಲಟ್ಟಣಿಗೆ ಕೈಗಿಟ್ಟು, ಮೊಬೈಲ್ ಹಿಡಿದು ಹಿತ್ತಲಿಗೆ ಹೋದಳು. ನಾನು ಟಕ್, ಟಕ್, ಟಕ್ ಎಂದು ಬಡಿದು ಕುರ್ಚಿಯಲ್ಲಿ ಒರಗಿದೆ. ಬೆಟ್ಟದ ಮೇಲೆ ಮೋಡದ ನೆರಳು ಹತ್ತುತ್ತಿತ್ತು. ಕಣ್ಣು ಮುಚ್ಚಿದರೆ ಗೋಡೆಯೊಳಗಿನ ತಂತಿಗಳೆಲ್ಲ ಒಂದೊಂದಾಗಿ ಕಣ್ಣುಜ್ಜಿಕೊಂಡು ಏಳುತ್ತಿವೆ. ಅವುಗಳ ಜೊತೆ ಬೆಳಕು ನೀರಿನ ಹಾಗೆ ನಮ್ಮ ಬೀದಿಯಲ್ಲಿ ಹರಿದು, ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ, ಕೋಟೆಯ ನೆತ್ತಿಯ ಮೇಲೆ ಹೋಗಿ ಕೂತಿದೆ. ಊರಿನ ಜನರೆಲ್ಲ ಕೆಳಗೆ ನಿಂತು ನನ್ನ ಕಡೆ ನೋಡುತ್ತಿದ್ದಾರೆ. ಯಾರೋ ಶಾಲು ಹಿಡಿದು ಬರುತ್ತಿದ್ದಾರೆ. ಆ ಶಾಲು ಹೊದಿಸುತ್ತಾರೆ ಎಂದು ನಾನು ತಲೆ ಬಾಗಿಸಿದೆ.

"ರೀ!"

ಕಣ್ಣು ಬಿಟ್ಟರೆ ಸರೋಜ ಸೌಟು ಹಿಡಿದು ನಿಂತಿದ್ದಳು. ಮುಕ್ಕಾಲು ಗಂಟೆ ಕಳೆದಿತ್ತು. ಫ್ಯಾನು ಅಲ್ಲಾಡಿರಲಿಲ್ಲ!

"ಅಲ್ತಾಫ್‌ಗೆ ಫೋನ್ ಮಾಡಿದೀನಿ. ಸಿರಾದಿಂದ ಸಾಮಾನು ತರ್ತಾ ಅವ್ರಂತೆ, ಒಂದ್ ಗಂಟೆಗೆ ಬರ್ತಾರೆ. ಅಲ್ಲೀಗಂಟ ಅದನ್ನ ಮುಟ್ಬೇಡಿ, ನಿಮ್ ಕೈ ಮುಗೀತೀನಿ."

ಮುಟ್ಟಬೇಡಿ ಎಂಬ ಮಾತೇ ನನ್ನನ್ನು ಕೆಡಿಸಿದ್ದು. ಮೂರು ಏಟು ಸಾಲದ್ದಕ್ಕೆ ಏಳು ಏಟು ಹಾಕಿದೆ. ಏಳನೆಯದಕ್ಕೆ ನಡುವಿನ ಫ್ಯೂಸಿನ ಪಿಂಗಾಣಿ ಸೀಳಿ ಒಂದು ತುಂಡು ನನ್ನ ಕಾಲಬೆರಳಿನ ಮೇಲೆ ಬಿತ್ತು. ಸರಿ, ಇನ್ನು ಶಸ್ತ್ರಚಿಕಿತ್ಸೆಯೇ ಗತಿ ಎಂದು ನಿರ್ಧರಿಸಿದೆ. ಕರೆಂಟಿನ ಕೆಲಸಕ್ಕೆ ರಕ್ಷಣೆ ಮುಖ್ಯ. ಕಾಲಿಗೆ ರಬ್ಬರ್ ಚಪ್ಪಲಿ, ಕೈಗಳಿಗೆ ಎರಡು ಪ್ಲಾಸ್ಟಿಕ್ ಚೀಲ, ಮೈಗೆ ನನ್ನ ಮಳೆಕೋಟು. ನಮ್ಮ ಸೀಮೆಯ ಮಳೆಯನ್ನು ನಂಬಿ ಕೊಂಡಿದ್ದ ಆ ಕೋಟು ಇನ್ನೂ ಮಡಿಕೆ ಬಿಟ್ಟಿರಲಿಲ್ಲ. ಮರದ ಸ್ಟೂಲು ಹತ್ತಿ ಮೂರೂ ಫ್ಯೂಸುಗಳನ್ನು ಎಳೆದೆ. ಮೊದಲನೆಯದರಲ್ಲಿ ತಂತಿ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದರಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡಿತ್ತು!

ಬುದ್ಧಿ ಇದ್ದವನು ಅಲ್ಲೇ ನಿಂತು, "ತಂತಿಯೇ ಇಲ್ಲದ ಫ್ಯೂಸಿನಿಂದ ಇಷ್ಟು ದಿನ ಫ್ಯಾನು ತಿರುಗಿದ್ದು ಹೇಗೆ?" ಎಂದು ಕೇಳಿಕೊಳ್ಳುತ್ತಿದ್ದ. ನಾನು ಕೇಳಿಕೊಂಡಿದ್ದು, "ಮನೆಯಲ್ಲಿ ತಂತಿ ಎಲ್ಲಿದೆ?" ಎಂದು. ಸುತ್ತ ನೋಡಿದೆ. ಗೋಡೆಯ ಮೇಲೆ ತಾತನ ಫೋಟೋ ಒಳ್ಳೆ ದಪ್ಪನೆಯ ತಾಮ್ರದ ತಂತಿಯಲ್ಲಿ ನೇತಾಡುತ್ತಿತ್ತು. ತಂತಿ ಬಿಚ್ಚುವಾಗ ಫೋಟೋ ಕೈಜಾರಿತು. ದೇವರು ದೊಡ್ಡವನು, ಅದು ನೇರ ಆರಾಮ ಕುರ್ಚಿಯ ಬಟ್ಟೆಯ ಮೇಲೆ ಬಿದ್ದು ಉಳಿಯಿತು. ಅಲ್ಲಿಂದ ಮುಂದಿನದನ್ನೆಲ್ಲ ತಾತ ತನ್ನ ಕುರ್ಚಿಯಲ್ಲೇ ಒರಗಿ, ಪೇಟ ಸಮೇತ, ನೋಡುತ್ತಿದ್ದ.

ತಾಮ್ರದ ತಂತಿಯನ್ನು ಮೂರು ತುಂಡು ಮಾಡಿ ಮೂರಕ್ಕೂ ಸುತ್ತಿದೆ. ಕಣಜದ ಗೂಡಿಗೆ ಒಂದು ಕ್ಷಮೆ ಕೇಳಿ ಕೆರೆದು ತೆಗೆದೆ. ಫ್ಯೂಸುಗಳನ್ನು ಒತ್ತಿ ಕೂರಿಸಿದೆ. ಕರೆಂಟು ಬಂದ ಕೂಡಲೇ ಗೊತ್ತಾಗಲಿ ಎಂದು ಅಡಿಗೆಮನೆಗೆ ಹೋಗಿ ಮಿಕ್ಸಿಯ ಗುಂಡಿಯನ್ನು ಪೂರ್ತಿ ತಿರುಗಿಸಿ ಇಟ್ಟೆ. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚಂತೂ ಬೆಳಿಗ್ಗೆಯಿಂದ ಹಾಗೇ ಇತ್ತು. ಜುಬ್ಬಾದ ಮೇಲೆ ಅದು ಬೋರಲು ಮಲಗಿತ್ತು. ಇವೆರಡನ್ನೂ ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ!

ಏನೂ ಆಗಲಿಲ್ಲ. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಎಲೆಕ್ಟ್ರಿಕ್ ಅಂಗಡಿ ಇಟ್ಟಿರುವ ಅಲ್ತಾಫ್ ಬಂದ. ಮಳೆಕೋಟಿನಲ್ಲಿದ್ದ ನನ್ನನ್ನು ನೋಡಿ ಆಕಾಶ ನೋಡಿದ. ಆಮೇಲೆ ಟೆಸ್ಟರ್ ತೆಗೆದು ಬೋರ್ಡಿನ ಒಂದೊಂದು ಫ್ಯೂಸಿಗೂ ಇಟ್ಟ. ಟೆಸ್ಟರ್ ಮಿಣುಕಲಿಲ್ಲ.

"ಅರೆ ಮೇಷ್ಟ್ರೆ, ಈ ತಂತಿ ಯಾರು ಹಾಕಿದ್ದು?"

"ನಾನೇ. ಗಟ್ಟಿಯಾಗಿರಲಿ ಅಂತ."

"ತೌಬಾ! ಇಷ್ಟ್ ದಪ್ಪ ಹಾಕಿದ್ರೆ ಫ್ಯೂಸ್ ಉಳಿತದೆ, ಮನೆ ಸುಟ್ಟೋಗ್ತದೆ. ನಿಮ್ದು ನಸೀಬು ಚೆನ್ನಾಗೈತೆ. ಈ ಬೋರ್ಡಲ್ಲಿ ಕರೆಂಟೇ ಇಲ್ಲ."

"ಅದೇ, ಹೋಗಿದೆ. ಯಾವಾಗ ಬರುತ್ತೆ?"

"ಬರೋದು ಅಲ್ಲ ಸಾರ್. ಇದ್ರಲ್ಲಿ ಕರೆಂಟ್ ಇಲ್ವೇ ಇಲ್ಲ. ಮನೆ ಪಾಲಾದಾಗ ನಮ್ಮ ಅಬ್ಬಾ ಬಂದು ನಿಮ್ದು ಲೈನ್ ಎಲ್ಲಾ ಗೋಡೆ ಆಚೆ, ನಿಮ್ಮಣ್ಣನ ಕಡೆ ಬೋರ್ಡಿಗೆ ತಗೊಂಡೋದ್ರಲ್ಲ. ಮೀಟರ್ ಬೇರೆ ಬೇರೆ, ಫ್ಯೂಸ್ ಮಾತ್ರ ಎರಡು ಮನೇದೂ ಅಲ್ಲೇ. ಈ ಬೋರ್ಡು ಹನ್ನೆರಡು ವರ್ಷದಿಂದ ಸುಮ್ನೆ ಗೋಡೆ ಮೇಲೈತೆ. ಅವತ್ತು ನೀವು ಇಲ್ಲೇ ಇದ್ರಂತಲ್ಲ?"

"ಇದ್ದೆ," ಅಂದೆ. "ಕುರ್ಚಿಯಲ್ಲಿದ್ದೆ."

ಹನ್ನೆರಡು ಆಯುಧಪೂಜೆ ಕಣ್ಣ ಮುಂದೆ ಸೇವಂತಿಗೆ ಸಮೇತ ಸಾಗಿಹೋದವು. ಆದರೂ ಸೋಲಲು ಮನಸ್ಸು ಬರಲಿಲ್ಲ. "ಹಾಗಾದ್ರೆ ನಾನು ಮೂರು ಏಟು ಹಾಕಿದ ಮೇಲೆ ಕರೆಂಟ್ ಬರ್ತಿತ್ತಲ್ಲಪ್ಪ, ಅದು ಹೇಗೆ?" ಎಂದು ಗಟ್ಟಿಯಾಗಿ ಕೇಳಿದೆ.

ಅಲ್ತಾಫ್ ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಸರೋಜಳ ಮುಖ ನೋಡಿದ. ಅವಳು ನೆಲ ನೋಡಿದಳು.

"ರಂಗಣ್ಣೋರು ಆಗಾಗ ನಮ್ಮ ಅಂಗಡಿಗೆ ಬಂದು ಫ್ಯೂಸ್ ವೈರ್ ತಗೊಂಡೋಗ್ತಾರೆ. ಇಷ್ಟೊಂದು ಯಾಕೆ ಅಂತ ಒಂದ್ಸಲ ಕೇಳ್ದೆ. 'ನಮ್ ತಮ್ಮ ಗೋಡೆ ಬಡೀತಾನೆ ಕಣಯ್ಯಾ. ಬಡಿದ ಅಂದ್ರೆ ಅವನ ಫ್ಯೂಸ್ ಹೋಗೈತೆ ಅಂತ ಲೆಕ್ಕ. ಸೆಕೇಲಿ ಮಲಗವ್ನೆ ಪಾಪ, ಹಾಕ್ಬುಡ್ತೀನಿ' ಅಂದ್ರು."

ನಾನು ಕುರ್ಚಿಯ ಕಡೆ ನೋಡಿದೆ. ಅಲ್ಲಿ ತಾತ ಕೂತಿದ್ದ.

ಸರೋಜ ಮೆಲ್ಲಗೆ ಅಂದಳು: "ನಂಗೂ ಗೊತ್ತಿತ್ತು ಕಣ್ರೀ. ಜಯಕ್ಕ ಹೇಳಿದ್ರು. ಭಾವನೋರೇ ಹೇಳ್ಬೇಡ ಅಂದಿದ್ರಂತೆ, ಬೇಜಾರು ಮಾಡ್ಕಂತಾನೆ ಅಂತ. ನೀವೂ ಅಷ್ಟು ಖುಷಿಯಾಗಿದ್ರಿ. ಇವತ್ತು ಅವರಿಬ್ರೂ ಪಾವಗಡಕ್ಕೆ, ಅಕ್ಕನ ತಮ್ಮನ ಮನೆ ಊಟಕ್ಕೆ ಹೋಗವ್ರೆ. ಬೀಗ ಹಾಕೈತೆ. ಈಗ ತಾನೇ ಅಕ್ಕಂಗೆ ಫೋನ್ ಹತ್ತಿತು, ಇಸ್ತ್ರಿಗೆ ಫ್ಯೂಸ್ ಹೋಯ್ತು ಅಂತ ಹೇಳ್ದೆ."

ಈ ಮೂರು ವರ್ಷ ಮುಖ ಕೊಟ್ಟು ಮಾತಾಡದ ದಿನಗಳಲ್ಲೂ ಅವನು ನನ್ನ ಏಟಿಗೆ ಎದ್ದು ಬಂದಿದ್ದಾನೆ! ಹಿಡಿದುಕೊಂಡ ಸೊಂಟದಲ್ಲೇ ಸ್ಟೂಲು ಹತ್ತಿದ್ದಾನೆ. ಅವನು ಕೇಳಿದ್ದ ಕುರ್ಚಿಯಲ್ಲಿ ಒರಗಿಕೊಂಡು ನಾನು ಅವನು ಕೊಟ್ಟ ಗಾಳಿ ತೆಗೆದುಕೊಂಡಿದ್ದೇನೆ. ನಾಚಿಕೆಯಿಂದ ನನ್ನ ಕಿವಿಗಳು ಬಿಸಿಯಾದವು. ಮಳೆಕೋಟಿನ ಟೋಪಿ ಇದ್ದದ್ದರಿಂದ ಅದು ಯಾರಿಗೂ ಕಾಣಲಿಲ್ಲ.

ಬೀಗ ಹಾಕಿದ ಮನೆಯ ಬೋರ್ಡಿಗೆ ಅಲ್ತಾಫ್ ಏನು ಮಾಡಿಯಾನು? ಅಂಗಡಿಗೆ ಹೋದ. ಸರೋಜ ಮಿಕ್ಸಿಯ ಮುಚ್ಚಳ ತೆಗೆದು ನುಣ್ಣಗಾದಷ್ಟು ಹೂರಣವನ್ನು ಬಗೆದುಕೊಂಡು, ಉಳಿದ ಬೇಳೆಯ ಪಾತ್ರೆಯನ್ನು ಹಿತ್ತಲಿಗೆ ಒಯ್ದಳು. ಅಲ್ಲಿ ಅಮ್ಮನ ಕಾಲದ ಒರಳುಕಲ್ಲು ಇತ್ತು.

"ಕೂತ್ಕಳಿ," ಅಂದಳು.

"ನಾನಾ?"

"ಇನ್ಯಾರು? ತಾತನ್ನ ಕರೀಲಾ?"

ಕೂತೆ. ಗುಂಡು ತಿರುಗಿಸಿದೆ. ಹತ್ತು ಸುತ್ತಿಗೆ ತೋಳು ಬಿದ್ದುಹೋಯಿತು. ಇಪ್ಪತ್ತಕ್ಕೆ ಸೊಂಟ ಹಿಡಿಯಿತು. ಆಗ ಅಣ್ಣನ ಸೊಂಟದ ನೆನಪಾಯಿತು. ಕಲ್ಲು ಗರಗರ ಸುತ್ತುತ್ತಾ, ಏಲಕ್ಕಿಯ ಘಮ ಮೂಗಿಗೆ ಬಡಿಯುತ್ತಾ, ಮಧ್ಯಾಹ್ನ ಕರಗತೊಡಗಿತು. ನಾನು ಆರು ವರ್ಷದವನಾಗಿದ್ದೆ. ಅಮ್ಮ ಇದೇ ಕಲ್ಲಿನಲ್ಲಿ ರುಬ್ಬುತ್ತಿದ್ದಳು. ಅಣ್ಣ ಅವಳ ಕಣ್ಣು ತಪ್ಪಿಸಿ ಒಂದು ಉಂಡೆ ಹೂರಣ ಎತ್ತಿ, ತಾನು ತಿನ್ನದೆ ನನ್ನ ಬಾಯಿಗೆ ಇಟ್ಟು, ಬೆರಳು ಮಾತ್ರ ನೆಕ್ಕಿಕೊಳ್ಳುತ್ತಿದ್ದ. ಆ ಬೆರಳುಗಳಿಗೇ ಈಗ ಫ್ಯೂಸ್ ತಂತಿ ಸುತ್ತುವ ಕೆಲಸ.

"ನಿಲ್ಸಬೇಡಿ!" ಸರೋಜ ಕೂಗಿದಳು. "ಎರಡೂ ಮುಕ್ಕಾಲಾಯ್ತು!"

ಅವಳು ಕಣಕ ನಾದುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಇಂಡಕ್ಷನ್ ಒಲೆ ಸತ್ತಿತ್ತು. ಗ್ಯಾಸ್ ಒಲೆಯ ಒಂದೇ ಬರ್ನರ್ ಉರಿಯುತ್ತಿತ್ತು. ಒಂದು ಹೆಂಚಿನಲ್ಲಿ ಒಬ್ಬಳೇ ನೂರು ಒಬ್ಬಟ್ಟು ಬೇಯಿಸಿ ಐದಕ್ಕೆ ಕೊಡುವುದು ಆಗದ ಮಾತು ಎಂದು ನನಗೂ ತಿಳಿಯಿತು. ಜುಬ್ಬಾದ ಗರಿಗಾಗಿ ನಾನು ಅವಳ ಮೊದಲ ಆರ್ಡರನ್ನು ಸುಟ್ಟುಹಾಕಿದ್ದೆ. ಮತ್ತಷ್ಟು ಜೋರಾಗಿ ರುಬ್ಬಿದೆ.

ಮೂರೂ ಕಾಲಿಗೆ ಪಕ್ಕದ ಮನೆಯ ಬೀಗ ತೆಗೆದ ಸದ್ದು ಕೇಳಿಸಿತು. ನಾನು ಎದ್ದು ಅಡಿಗೆಮನೆಗೆ ಓಡಿದೆ. ಮಿಕ್ಸಿಯ ಜಾರಿನ ತಳದಲ್ಲಿ ಉಳಿದಿದ್ದ ಹೂರಣವನ್ನೂ ಬಗೆಯೋಣವೆಂದು ಬಗ್ಗಿ ಇಣುಕಿದೆ.

ಆಗ ಕರೆಂಟು ಬಂತು!

ಮುಚ್ಚಳವಿಲ್ಲದ ಮಿಕ್ಸಿ ಹುಚ್ಚೆದ್ದು ತಿರುಗಿತು. ಬಿಸಿಯಾರಿದ ಹೂರಣ ಸೂರಿಗೆ, ಗೋಡೆಗೆ, ನನ್ನ ಮೂಗಿಗೆ, ಕನ್ನಡಕಕ್ಕೆ ಹಾರಿತು. ನನ್ನ ಮಳೆಕೋಟಿಗೆ ಕೊನೆಗೂ ಮಳೆಯಾಯಿತು! ಕಣ್ಣು ಕಾಣದೆ ನಾನು ಎರಡು ನಿಮಿಷ ಗುಂಡಿಗೆ ತಡಕಾಡುವಷ್ಟರಲ್ಲಿ ನಡುಮನೆಯಿಂದ ಜುಬ್ಬಾ ಸುಟ್ಟ ವಾಸನೆ ಬಂತು. ಇಂಡಕ್ಷನ್ ಒಲೆ ಕುಂಯ್ ಎಂದಿತು. ಮಿಕ್ಸಿ, ಇಸ್ತ್ರಿ, ಒಲೆ ಮೂರೂ ಒಟ್ಟಿಗೆ ಎಳೆದ ಏಟಿಗೆ ಎಲ್ಲ ಮತ್ತೆ ತಣ್ಣಗಾಯಿತು. ಫ್ಯೂಸ್ ಮತ್ತೆ ಹೋಗಿತ್ತು.

ಸರೋಜ ಹಿತ್ತಲ ಬಾಗಿಲಲ್ಲಿ ಬಾಯಿ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಕನ್ನಡಕ ಒರೆಸಿಕೊಂಡು, ನಡುಮನೆಗೆ ಹೋಗಿ, ಲಟ್ಟಣಿಗೆ ಎತ್ತಿಕೊಂಡೆ. ಈ ಸಲ ಬೋರ್ಡಿಗೆ ಹೊಡೆಯಲಿಲ್ಲ. ಅದರ ಪಕ್ಕದ ಬರೀ ಗೋಡೆಗೆ, ಮೆಲ್ಲಗೆ, ಮೂರು ಸಲ ತಟ್ಟಿದೆ. ಟಕ್, ಟಕ್, ಟಕ್.

ಆಚೆಯಿಂದ, ಮೂರು ವರ್ಷದ ಮೇಲೆ, ಅಣ್ಣನ ಮೊದಲ ಮಾತು ಬಂತು:

"ಮೊದ್ಲು ಆ ಇಸ್ತ್ರಿ ಪೆಟ್ಟಿಗೆ ಆಫ್ ಮಾಡ್ಲಾ, ಮಂಕೇ!"

ಮಾಡಿದೆ. ಮಿಕ್ಸಿಯ ಗುಂಡಿಯನ್ನೂ ತಿರುಗಿಸಿದೆ. ಎರಡು ನಿಮಿಷದಲ್ಲಿ ಫ್ಯಾನು ಆಕಳಿಸಿ ತಿರುಗಿತು. ಜಯತ್ತಿಗೆ ಸೀರೆ ಬದಲಿಸುವುದಕ್ಕೂ ನಿಲ್ಲದೆ ತಮ್ಮ ಮನೆಯ ಗ್ಯಾಸ್ ಒಲೆ ಹೊತ್ತಿಸಿ, ಇನ್ನೆರಡು ಹೆಂಚಿಟ್ಟು, "ಸರೋಜ, ಕಣಕ ಇತ್ಲಾಗೆ ಕೊಡಮ್ಮ, ಅಳೋದು ಆಮೇಲೆ" ಎಂದು ಹಿತ್ತಲ ಗೋಡೆಯ ಮೇಲಿಂದ ಕೈಚಾಚಿದರು. ಆ ಗೋಡೆಯ ಮೇಲೆ ಕಣಕ ಅತ್ತ ಹೋಯಿತು, ಒಬ್ಬಟ್ಟು ಇತ್ತ ಬಂದವು.

ನಾನು ತಾತನ ಫೋಟೋವನ್ನು ಕೆಳಗಿಳಿಸಿ, ಕುರ್ಚಿಯನ್ನು ಮಡಚಿ, ತಲೆಯ ಮೇಲೆ ಹೊತ್ತು ಬೀದಿಗುಂಟ ಅಣ್ಣನ ಬಾಗಿಲಿಗೆ ಹೋದೆ. ಹೂರಣ ಮೆತ್ತಿದ ಮಳೆಕೋಟಿನಲ್ಲಿ ಕುರ್ಚಿ ಹೊತ್ತು ಹೋಗುವ ಮೇಷ್ಟ್ರನ್ನು ಬೀದಿಯವರು ಬಿಟ್ಟ ಬಾಯಿ ಬಿಟ್ಟಂತೆ ನೋಡಿದರು. ಅಣ್ಣ ಸ್ಟೂಲಿನಿಂದ ಇಳಿಯುತ್ತಿದ್ದ. ಹಲ್ಲಿನ ನಡುವೆ ತಂತಿಯ ತುಂಡು ಇನ್ನೂ ಇತ್ತು.

"ಏನ್ಲಾ ಇದು ವೇಷ?"

"ಕುರ್ಚಿ ತಂದೆ ಕಣಣ್ಣ. ನಿನ್ನ ಸೊಂಟಕ್ಕೆ." ಬಾಗಿಲಲ್ಲೇ ಕುರ್ಚಿ ಇಳಿಸಿದೆ. "ತಪ್ಪಾಯ್ತು. ಅವತ್ತು ಅಂಗನ್ಬಾರ್ದಿತ್ತು."

ಅಣ್ಣ ತಂತಿ ಉಗಿದು, ನನ್ನ ಕೆನ್ನೆಯ ಮೇಲಿದ್ದ ಹೂರಣವನ್ನು ಬೆರಳಲ್ಲಿ ಬಳಿದು ಬಾಯಿಗೆ ಹಾಕಿಕೊಂಡ. "ಬೆಲ್ಲ ಸರಿಯಾಗೈತೆ," ಅಂದ. "ಎಲೆ ಹಾಕಿದ್ರು ಕಣ್ಲಾ ಪಾವಗಡದಲ್ಲಿ. ಅನ್ನಕ್ಕೆ ಸಾರು ಬಿಡೋ ಹೊತ್ಗೆ ಸರೋಜಮ್ಮನ ಫೋನು. ಎದ್ದು ಬಸ್ ಹತ್ಬುಟ್ಟೋ."

"ಕೆಲವು ಸಲ ಅರ್ಧ ಗಂಟೆ ತಡ ಆಗ್ತಿತ್ತಲ್ಲಣ್ಣ?" ಕೇಳದೆ ಇರಲು ಆಗಲಿಲ್ಲ.

"ನಾನು ಸ್ನಾನಕ್ಕೋಗಿದ್ದಾಗ್ಲೇ ಬಡೀತಿದ್ದೆಯಲ್ಲೋ! ಮೈಗೆ ಸೋಪಚ್ಚಿಕೊಂಡು ಬರ್ಲಾ?"

ಗಾಢನಿದ್ರೆಯ ಸಿದ್ಧಾಂತ ಅಲ್ಲಿಗೆ ಮುಗಿಯಿತು.

ಐದರ ಬಸ್ಸಿಗೆ ಡಬ್ಬಿ ಮುಟ್ಟಿತು. ನಾನೂ ಅಣ್ಣನೂ ಒಂದೊಂದು ಕಡೆ ಹಿಡಿದು ಹೊತ್ತೆವು. ಜುಬ್ಬಾದ ಬೆನ್ನಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಆಕಾರದ ಕಿಟಕಿ ಬಿದ್ದಿದ್ದರಿಂದ ಅಣ್ಣನ ಷರಟು ಹಾಕಿಕೊಂಡಿದ್ದೆ. ರತ್ನಮ್ಮ ಬಸ್ಸಿನಲ್ಲೇ ಒಂದು ಮುರಿದು ಬಾಯಿಗಿಟ್ಟು, ಕಿಟಕಿಯಿಂದ ತಲೆ ಹೊರಹಾಕಿ, "ಸರೋಜಮ್ಮಂಗೆ ಹೇಳಿ, ಮುಂದಿನ ತಿಂಗಳು ಸೀಮಂತಕ್ಕೂ ಅವ್ರದ್ದೇ!" ಎಂದು ಕೂಗಿದರು. ಸರೋಜಳಿಗೆ ಬಂದು ಹೇಳಿದಾಗ ಅವಳು ಕಣಕದ ಕೈಯಲ್ಲೇ ಕಣ್ಣೊರೆಸಿಕೊಂಡಳು. ಅವತ್ತು ಎರಡು ಮನೆಯವರೂ ಒರಳುಕಲ್ಲಿನ ಸುತ್ತ ಕೂತು, ಮುರಿದ ಒಬ್ಬಟ್ಟುಗಳನ್ನು ತುಪ್ಪದಲ್ಲಿ ಅದ್ದಿ ತಿಂದೆವು. ಬೆಟ್ಟ ಸಂಜೆಗೆಂಪಿನಲ್ಲಿ ಕನಸಿನಂತೆ ನಿಂತಿತ್ತು.

ಮುಂದಿನ ವಾರ ಅಲ್ತಾಫ್ ಬಂದು ನನ್ನ ಕಡೆಯ ಗೋಡೆಗೇ ಹೊಸ ಪೆಟ್ಟಿಗೆ ಕೂರಿಸಿ, ಕರೆಂಟು ಅತಿಯಾದರೆ ತಾವೇ ಬೀಳುವ, ಬೆರಳಲ್ಲಿ ಎತ್ತುವ ಹೊಸ ಸ್ವಿಚ್ಚುಗಳನ್ನು ಹಾಕಿದ. ತಂತಿ ಇಲ್ಲ, ಪಿಂಗಾಣಿ ಇಲ್ಲ. ಇನ್ನು ಅಣ್ಣ ಏಳಬೇಕಾಗಿಲ್ಲ, ನಾನೇ ಎತ್ತಬಹುದು ಎಂದು ಹೆಮ್ಮೆಯಿಂದ ಅದರ ಮುಂದೆ ನಿಂತೆ. ಕುಂಕುಮ ಇಡೋಣವೆಂದು ಬೆರಳು ಚಾಚಿದ್ದೆ ಅಷ್ಟೇ. ಗೋಡೆಯ ಆಚೆಯಿಂದ ಟಕ್, ಟಕ್, ಟಕ್ ಎಂದು ಕೇಳಿಸಿತು.

"ಏನಣ್ಣ?"

"ಬಾರ್ಲಾ ಇಲ್ಲಿ. ಕುರ್ಚಿ ತಗೊಂಡೋಗು."

"ಯಾಕಣ್ಣ? ಸೊಂಟ ವಾಸಿಯಾಯ್ತಾ?"

"ಸೊಂಟ ಅಂಗೇ ಐತೆ. ಆದ್ರೆ ನೀನು ಅದ್ರಲ್ಲಿ ಮಲಗಿದ್ರೇ ಎರಡೂ ಮನೆಗೂ ಕ್ಷೇಮ ಕಣ್ಲಾ!"

ಹೋಗಿ ತಂದೆ. ಈಗ ಮಲಗಿಕೊಂಡೇ ಇದನ್ನು ಬರೆಯುತ್ತಿದ್ದೇನೆ.